ಶಿರಸಿಯ ಅಂಗಳದಿಂದ ಸ್ಯಾನ್ ಫ್ರಾನ್ಸಿಸ್ಕೊವರೆಗೆ: ದೂರದ ಲೆಕ್ಕ, ಹೊತ್ತಿನ ಲೆಕ್ಕ

“ಅಲ್ಲಿಗೆ ಹೋಪಲೆ ಎಷ್ಟು ಹೊತ್ತು ಬೇಕಾಗ್ತು ತಮಾ?”

ಅಕ್ಕನ ಬಾಣಂತನಕ್ಕೆಂದು ಅಮೆರಿಕಕ್ಕೆ ಹೊರಟ ಆಯಿ ನನ್ನನ್ನು ಮೊದಲು ಕೇಳಿದ್ದು ಇದನ್ನೇ. ಫೋನಿನಲ್ಲಿ ಹುಡುಕಿ “ಬೆಂಗಳೂರಿಂದ 17 ತಾಸು” ಎಂದುಬಿಟ್ಟೆ. ಅವಳು ನಮ್ಮ ಅಂಗಳ ಬಿಟ್ಟು ಅಕ್ಕನ ಮನೆಯ ಬಾಗಿಲು ಮುಟ್ಟುವಾಗ 59 ತಾಸು ದಾಟಿತ್ತು. ನಾನು ಹೇಳಿದ ಸಂಖ್ಯೆ ತಪ್ಪಾಗಿರಲಿಲ್ಲ. ಅದು ಅವಳು ಕೇಳಿದ ಪ್ರಶ್ನೆಗೆ ಉತ್ತರವಾಗಿರಲಿಲ್ಲ, ಅಷ್ಟೆ. ಬಿ.ಪಿ. ಮಾತ್ರೆ ಎಷ್ಟು ಕೈಚೀಲದಲ್ಲಿಡಬೇಕು, ಯಾವ ದಿನ ಮನೆ ಬಿಡಬೇಕು, ಅಕ್ಕನ ಗಂಡ ಯಾವ ತಾರೀಕಿಗೆ ಅಲ್ಲಿ ಕಾಯಬೇಕು ಎನ್ನುವುದೆಲ್ಲ ಆ 59ರ ಮೇಲೆ ನಿಂತಿತ್ತು, 17ರ ಮೇಲಲ್ಲ.

ಶಿರಸಿ, ಸಿದ್ದಾಪುರ, ಯಲ್ಲಾಪುರದ ಎಷ್ಟೋ ಮನೆಗಳಲ್ಲಿ ಈಗ ಮಕ್ಕಳಿರುವುದು ಹೊರದೇಶದಲ್ಲಿ, ಅಪ್ಪ-ಆಯಿ ಇರುವುದು ತೋಟದ ಮನೆಯಲ್ಲಿ. ಕರಾವಳಿಯಲ್ಲಿ ಭಟ್ಕಳ, ಹೊನ್ನಾವರ, ಕಾರವಾರದವರಿಗೆ ದುಬೈ, ದೋಹಾ ಓಡಾಟ ಹೊಸತಲ್ಲ. ಟಿಕೆಟ್ ಮಾಡಿಸುವ ಮೊದಲು ಮನೆಯಲ್ಲೇ ಕೂತು ದೂರ ಮತ್ತು ಹೊತ್ತನ್ನು ಲೆಕ್ಕ ಹಾಕುವುದು ಹೇಗೆಂದು ಇಲ್ಲಿ ಬರೆದಿದ್ದೇನೆ. ಶಿರಸಿ–ಸ್ಯಾನ್ ಫ್ರಾನ್ಸಿಸ್ಕೊ ನನ್ನ ಉದಾಹರಣೆ. ಊರುಗಳ ಹೆಸರು ಬದಲಿಸಿಕೊಂಡರೆ ನಿಮ್ಮ ದಾರಿಗೂ ಇದೇ ಕ್ರಮ.

ಮೊದಲ ಕೆಲಸ: ದಾರ ಹಿಡಿದು ದೂರ ನೋಡುವುದು

ರಸ್ತೆಯ ದೂರ ಬೇರೆ, ಹಕ್ಕಿ ಹಾರುವ ದೂರ ಬೇರೆ. ಕಾರವಾರದಿಂದ ಶಿರಸಿಗೆ ನೇರ ಗೆರೆ ಎಳೆದರೆ 80 ಕಿ.ಮೀ. ಆಸುಪಾಸು. ಅಂಕೋಲೆ, ಕುಮಟೆ, ದೇವಿಮನೆ ಘಟ್ಟ ಎಂದು ಬಸ್ಸಿನಲ್ಲಿ ಬಂದರೆ 120 ಕಿ.ಮೀ. ಹತ್ತಿರ. ವಿಮಾನದ ದೂರವೆಂದು ಹೇಳುವುದು ಆ ಮೊದಲನೆಯದನ್ನು, ಅಂದರೆ ಭೂಮಿಯ ಮೈಮೇಲೆ ಎರಡು ಊರುಗಳ ನಡುವಿನ ಅತಿ ಹತ್ತಿರದ ಗೆರೆಯನ್ನು.

ಇದನ್ನು ಗೋಡೆಯ ನಕ್ಷೆಯಲ್ಲಿ ಅಳೆಯಬೇಡಿ. ದುಂಡಗಿನ ಭೂಮಿಯನ್ನು ಚಪ್ಪಟೆ ಹಾಳೆಗೆ ಹರಡಿದಾಗ ಉತ್ತರದ ನಾಡುಗಳು ಹಿಗ್ಗಿಹೋಗುತ್ತವೆ, ಗೆರೆ ತಪ್ಪು ದಾರಿ ತೋರಿಸುತ್ತದೆ. ಮಕ್ಕಳ ಗ್ಲೋಬ್ ಇದ್ದರೆ ಸಾಕು. ಹೂವು ಕಟ್ಟುವ ದಾರವನ್ನು ಗ್ಲೋಬಿನ ಹೊಟ್ಟೆಯ ಸುತ್ತ, ಭೂಮಧ್ಯ ರೇಖೆಯ ಮೇಲೆ ಒಂದು ಸುತ್ತು ಹಾಕಿ ಸ್ಕೇಲಿನಲ್ಲಿ ಅಳೆಯಿರಿ. 12 ಇಂಚು ವ್ಯಾಸದ ಗ್ಲೋಬಿಗೆ ಸುಮಾರು 96 ಸೆಂ.ಮೀ. ಬರುತ್ತದೆ. ನಿಜವಾದ ಭೂಮಿಯ ಸುತ್ತಳತೆ ಸುಮಾರು 40,000 ಕಿ.ಮೀ. ಹಾಗಾಗಿ ನಿಮ್ಮ ದಾರದ 1 ಸೆಂ.ಮೀ. ಎಂದರೆ 417 ಕಿ.ಮೀ.

ಆಯಿ ದಾರದ ಒಂದು ತುದಿಯನ್ನು ಹೆಬ್ಬೆರಳಲ್ಲಿ ಬೆಂಗಳೂರಿನ ಮೇಲೆ ಒತ್ತಿ ಹಿಡಿದಳು. ಇನ್ನೊಂದು ತುದಿಯನ್ನು ನಾನು ಅಮೆರಿಕದ ಪಶ್ಚಿಮ ಕರಾವಳಿಗೆ ಎಳೆದೆ. ದಾರ ಅರಬ್ಬಿ ಸಮುದ್ರ ದಾಟಿ ಯುರೋಪಿನ ಮೇಲೆ ಹೋಗುತ್ತದೆಂದು ಅವಳ ಅಂದಾಜು. ಬಿಗಿಯಾಗಿ ಎಳೆಯುತ್ತಾ ಹೋದಂತೆ ಅದು ತಾನಾಗಿ ಜಾರಿ ಟಿಬೆಟ್, ಮಂಗೋಲಿಯಾ, ಸೈಬೀರಿಯಾದ ಮೇಲೆ ಹಾದು, ಅಲಾಸ್ಕಾದ ನೆತ್ತಿಯಿಂದ ಕೆಳಗಿಳಿದು ನಿಂತಿತು. ಅಳೆದರೆ ಮೂವತ್ಮೂರೂವರೆ ಸೆಂ.ಮೀ. 417ರಿಂದ ಗುಣಿಸಿದರೆ 14,000 ಕಿ.ಮೀ.ಗೆ ಸ್ವಲ್ಪ ಕಡಿಮೆ. ಹೂವಿನ ದಾರಕ್ಕೆ ಇಷ್ಟು ನಿಖರತೆ ಸಿಕ್ಕಿದ್ದು ನನಗೂ ಖುಷಿ ಕೊಟ್ಟಿತು.

ಕ್ಯಾಲ್ಕುಲೇಟರ್ ಬಳಸಬಲ್ಲವರು ತಾಳೆ ನೋಡಬಹುದು. ಎರಡು ಊರುಗಳ ಅಕ್ಷಾಂಶಗಳ ಸೈನ್‌ಗಳನ್ನು ಗುಣಿಸಿ. ಅಕ್ಷಾಂಶಗಳ ಕೊಸೈನ್‌ಗಳನ್ನು ರೇಖಾಂಶಗಳ ವ್ಯತ್ಯಾಸದ ಕೊಸೈನ್ ಜೊತೆ ಗುಣಿಸಿ. ಎರಡನ್ನೂ ಕೂಡಿಸಿ, ಬಂದ ಸಂಖ್ಯೆ ಯಾವ ಕೋನದ ಕೊಸೈನ್ ಎಂದು ನೋಡಿ. ಆ ಕೋನದ ಪ್ರತಿ ಡಿಗ್ರಿಗೆ 111.2 ಕಿ.ಮೀ. ಬೆಂಗಳೂರು ವಿಮಾನ ನಿಲ್ದಾಣ ಇರುವುದು ಉತ್ತರ 13.20, ಪೂರ್ವ 77.71 ಡಿಗ್ರಿಯಲ್ಲಿ. ಸ್ಯಾನ್ ಫ್ರಾನ್ಸಿಸ್ಕೊದ್ದು ಉತ್ತರ 37.62, ಪಶ್ಚಿಮ 122.38. ಒಂದು ಪೂರ್ವ, ಒಂದು ಪಶ್ಚಿಮ ಆದ್ದರಿಂದ ರೇಖಾಂಶಗಳನ್ನು ಕಳೆಯುವ ಬದಲು ಕೂಡಿಸಬೇಕು. 200 ಡಿಗ್ರಿ ಬರುತ್ತದೆ, ಅದು 180 ದಾಟಿದ್ದರಿಂದ 360ರಲ್ಲಿ ಕಳೆದರೆ 160. ಕೊನೆಗೆ ಸಿಗುವ ಕೋನ 125.8 ಡಿಗ್ರಿ, ದೂರ ಸುಮಾರು 13,990 ಕಿ.ಮೀ.

ಅಂತರ್ಜಾಲದಲ್ಲಿ ದೂರ ನೋಡುವವರು ಮಾನ ಯಾವುದೆಂದು ಮೊದಲು ಗಮನಿಸಿ. ಇದೇ ದೂರ ಮೈಲಿಯಲ್ಲಿ 8,700, ವಿಮಾನದವರು ಬಳಸುವ ನಾಟಿಕಲ್ ಮೈಲಿಯಲ್ಲಿ 7,550. ಮೈಲಿಯ ಸಂಖ್ಯೆಯನ್ನು ಕಿ.ಮೀ. ಎಂದು ಓದಿ ಹತ್ತು ತಾಸಿನ ದಾರಿ ಎಂದುಕೊಂಡವರಿದ್ದಾರೆ.

ದೂರವನ್ನು ತಾಸಿಗೆ ತಿರುಗಿಸುವುದು

ದೊಡ್ಡ ಜೆಟ್ ವಿಮಾನ ಮೇಲೆ ಹೋದ ಮೇಲೆ ತಾಸಿಗೆ 900 ಕಿ.ಮೀ. ಹತ್ತಿರದ ವೇಗದಲ್ಲಿ ಸಾಗುತ್ತದೆ. ಏರುವಾಗ, ಇಳಿಯುವಾಗ ಅಷ್ಟು ಓಟ ಇಲ್ಲ. ಆದ್ದರಿಂದ ದೂರವನ್ನು 850ರಿಂದ ಭಾಗಿಸಿ, ಮೇಲೆ ಅರ್ಧ ತಾಸು ಸೇರಿಸಿ. ನಾನು ಇಟ್ಟುಕೊಂಡ ಸೂತ್ರ ಇಷ್ಟೇ. 14,000ಕ್ಕೆ 17 ತಾಸು ಬರುತ್ತದೆ. ಬೆಂಗಳೂರು–ಲಂಡನ್ ಸುಮಾರು 8,000 ಕಿ.ಮೀ., ಹತ್ತು ತಾಸು. ಮಂಗಳೂರು–ದುಬೈ 2,460 ಕಿ.ಮೀ., ಮೂರೂವರೆ ತಾಸಿನ ಒಳಗೆ ಹೊರಗೆ. ಗೋವಾದಿಂದ ದುಬೈಗೆ ಇನ್ನೂ ಇನ್ನೂರೈವತ್ತು ಕಿ.ಮೀ. ಕಡಿಮೆ. ಹುಬ್ಬಳ್ಳಿ–ಬೆಂಗಳೂರಿನಂಥ 370 ಕಿ.ಮೀ. ಹಾರಾಟಕ್ಕೆ ಮಾತ್ರ ಈ ಸೂತ್ರ ಹಚ್ಚಬೇಡಿ. ಅಷ್ಟು ದೂರದಲ್ಲಿ ಏರಿ ಇಳಿಯುವುದರಲ್ಲೇ ಹೊತ್ತು ಹೋಗುತ್ತದೆ, ಪಂಖದ ಎಟಿಆರ್ ವಿಮಾನವಾದರೆ ವೇಗವೂ ಕಡಿಮೆ.

ಹೋಗುವಾಗಿನ ಹೊತ್ತು, ಬರುವಾಗಿನ ಹೊತ್ತು ಒಂದೇ ಇರುವುದಿಲ್ಲ. ಹತ್ತು ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬಲವಾದ ಗಾಳಿಯ ಪ್ರವಾಹ ಇದೆ, ಜೆಟ್ ಸ್ಟ್ರೀಮ್ ಎನ್ನುತ್ತಾರೆ. ಚಳಿಗಾಲದಲ್ಲಿ ಅದರ ಜೋರು ಹೆಚ್ಚು. ಲಂಡನ್ನಿಗೆ ಹೋಗುವಾಗ ವಿಮಾನ ಅದಕ್ಕೆ ಎದುರಾಗಿ ಸಾಗಬೇಕು, ಬರುವಾಗ ಅದೇ ಗಾಳಿ ಬೆನ್ನು ತಳ್ಳುತ್ತದೆ. ಒಂದು ತಾಸಿನವರೆಗೆ ವ್ಯತ್ಯಾಸ ಬರುವುದು ಇದರಿಂದ.

ಗಾಳಿಗಿಂತ ದೊಡ್ಡ ಕಾರಣ ಈಗ ಆಕಾಶದ ಗಡಿಗಳು. 2022ರಿಂದ ಅಮೆರಿಕ, ಯುರೋಪಿನ ಕಂಪನಿಗಳ ವಿಮಾನಗಳು ರಷ್ಯಾದ ಮೇಲೆ ಹಾರುವಂತಿಲ್ಲ. 2025ರ ಏಪ್ರಿಲ್ 24ರಂದು ಪಾಕಿಸ್ತಾನ ತನ್ನ ಆಕಾಶವನ್ನು ಭಾರತದ ವಿಮಾನಗಳಿಗೆ ಮುಚ್ಚಿತು. ಅಂಥ ಹೊತ್ತಿನಲ್ಲಿ ದಾರ ತೋರಿಸಿದ ದಾರಿ ಹಿಡಿಯಲಾಗದೆ ವಿಮಾನ ಸುತ್ತುಬಳಸಿ ಹೋಗುತ್ತದೆ. ಅವೇ ಎರಡು ಊರುಗಳ ನಡುವೆ ಒಂದು ಕಂಪನಿಯ ವಿಮಾನಕ್ಕೆ ಹಿಡಿಯುವ ಹೊತ್ತು ಬೇರೆ, ಇನ್ನೊಂದಕ್ಕೆ ಬೇರೆ ಇರುವುದು ಇದಕ್ಕೇ. ಸೂತ್ರದಿಂದ ಅಂದಾಜು ಮಾಡಿಕೊಳ್ಳಿ, ಆದರೆ ಟಿಕೆಟ್ ಮಾಡುವ ದಿನದ ವೇಳಾಪಟ್ಟಿಯನ್ನೇ ನಂಬಿ.

ನೇರ ವಿಮಾನದ ಮಾತು ಬಂದಾಗ ಒಂದನ್ನು ಹೇಳಲೇಬೇಕು. 2021ರ ಜನವರಿಯಲ್ಲಿ ಏರ್ ಇಂಡಿಯಾ ಈ ದಾರಿಯಲ್ಲಿ ಮೊದಲ ಬಾರಿ ತಡೆರಹಿತ ವಿಮಾನ ಹಾರಿಸಿತು. ಸ್ಯಾನ್ ಫ್ರಾನ್ಸಿಸ್ಕೊದಿಂದ ಹೊರಟು ಉತ್ತರ ಧ್ರುವದ ಮೇಲೆ ಹಾದು ಬೆಂಗಳೂರಿಗೆ ಇಳಿದ ಆ ವಿಮಾನವನ್ನು ನಡೆಸಿದ ಪೈಲಟ್‌ಗಳೆಲ್ಲ ಹೆಂಗಸರು, ಮುಂದಾಳು ಕ್ಯಾಪ್ಟನ್ ಜೋಯಾ ಅಗರ್‌ವಾಲ್. ಇದನ್ನು ಹೇಳಿದಾಗ ಆಯಿ ಗ್ಲೋಬಿನ ನೆತ್ತಿಯ ಮೇಲೆ ಬೆರಳಿಟ್ಟು ತುಸು ಹೊತ್ತು ಸುಮ್ಮನಿದ್ದಳು. ವಿಮಾನವೆಂದರೆ ಅವಳಿಗಿದ್ದ ಹೆದರಿಕೆ ಅರ್ಧ ಇಳಿದದ್ದು ಆಗಲೇ.

ನಡುವೆ ಇಳಿದು ಹತ್ತುವುದು

ಆಯಿಗೆ ನೇರ ವಿಮಾನದ ಟಿಕೆಟ್ ಹೊಂದಲಿಲ್ಲ, ದುಬೈಯಲ್ಲಿ ಇಳಿದು ಹತ್ತುವ ಟಿಕೆಟ್ ಮಾಡಿದೆವು. ಬೆಂಗಳೂರು–ದುಬೈ 2,700 ಕಿ.ಮೀ., ದುಬೈ–ಸ್ಯಾನ್ ಫ್ರಾನ್ಸಿಸ್ಕೊ 13,000 ಕಿ.ಮೀ. ಒಟ್ಟು 15,700. ಫ್ರಾಂಕ್‌ಫರ್ಟ್ ಮೇಲೆ ಹೋದರೆ ಸುಮಾರು 16,500, ಸಿಂಗಾಪುರದ ಮೇಲೆ ಹೋದರೆ 16,800ರ ಹತ್ತಿರ. ನೇರ ದಾರಿಗಿಂತ ದುಬೈ ದಾರಿಗೆ ಹೆಚ್ಚಾಗುವ ದೂರ 1,700 ಕಿ.ಮೀ., ಅಂದರೆ ಹಾರಾಟದಲ್ಲಿ ಎರಡೇ ತಾಸು. ಉಳಿದ ಹೊತ್ತೆಲ್ಲ ಹೋಗುವುದು ನಡುವಿನ ನಿಲ್ದಾಣದಲ್ಲಿ ಕಾಯುವುದಕ್ಕೆ.

ಹಾಗೆಂದು ಕಾಯುವ ಹೊತ್ತು ತೀರಾ ಕಡಿಮೆ ಇರುವ ಟಿಕೆಟ್ ತೆಗೆಯಬೇಡಿ. ಮೊದಲ ಬಾರಿ ಒಬ್ಬರೇ ಹೋಗುವ ಹಿರಿಯರಿಗೆ ಮೂರು ತಾಸಿಗಿಂತ ಕಡಿಮೆ ಬೇಡವೆನ್ನುವುದು ನನ್ನ ಖಚಿತ ಅಭಿಪ್ರಾಯ. ನಿಲ್ದಾಣದೊಳಗೆ ರೈಲು ಹಿಡಿದು ಇನ್ನೊಂದು ಕಟ್ಟಡಕ್ಕೆ ಹೋಗಬೇಕಾಗಬಹುದು, ಮತ್ತೊಮ್ಮೆ ತಪಾಸಣೆ ಇರುತ್ತದೆ. ಗಾಲಿಕುರ್ಚಿಯ ಸಹಾಯವನ್ನು ಟಿಕೆಟ್ ಮಾಡುವಾಗಲೇ ಕೇಳಿ ಬರೆಸಿ. ಮಂಡಿನೋವಿನವರಿಗೆ ಮಾತ್ರವಲ್ಲ, ಇಂಗ್ಲಿಷ್ ಬೋರ್ಡು ಓದಿ ದಾರಿ ಹಿಡಿಯಲು ಅಳುಕುವವರಿಗೂ ಅದರಿಂದ ಬಹಳ ಧೈರ್ಯ.

ಟಿಕೆಟ್ಟಿನ ಗಡಿಯಾರ

ಎಲ್ಲರೂ ಎಡವುವುದು ಇಲ್ಲಿ. ಟಿಕೆಟ್ಟಿನಲ್ಲಿ ಹೊರಡುವ ಸಮಯ ಹೊರಡುವ ಊರಿನದು, ತಲುಪುವ ಸಮಯ ತಲುಪುವ ಊರಿನದು. ಆಯಿಯ ಟಿಕೆಟ್ಟಿನಲ್ಲಿ ಹೀಗಿತ್ತು: ಜೂನ್ 10, ಬೆಳಗಿನ ಜಾವ 4 ಗಂಟೆಗೆ ಬೆಂಗಳೂರು, ಅದೇ ಜೂನ್ 10, ಸಂಜೆ 4.30ಕ್ಕೆ ಸ್ಯಾನ್ ಫ್ರಾನ್ಸಿಸ್ಕೊ. ನೋಡಿದವರಿಗೆ ಹನ್ನೆರಡೂವರೆ ತಾಸು ಎನಿಸುತ್ತದೆ.

ಲೆಕ್ಕ ಸರಿಯಾಗಬೇಕಾದರೆ ತಲುಪುವ ಸಮಯವನ್ನು ಮೊದಲು ನಮ್ಮ ಗಡಿಯಾರಕ್ಕೆ ತನ್ನಿ. ಬೇಸಿಗೆಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ನಮಗಿಂತ ಹನ್ನೆರಡೂವರೆ ತಾಸು ಹಿಂದೆ. ಸಂಜೆ 4.30ಕ್ಕೆ ಅಷ್ಟು ಸೇರಿಸಿದರೆ ನಮ್ಮಲ್ಲಿ ಜೂನ್ 11ರ ಬೆಳಿಗ್ಗೆ 5 ಗಂಟೆ. 10ರ ನಾಲ್ಕರಿಂದ 11ರ ಐದಕ್ಕೆ 25 ತಾಸು. ಹಾರಾಟ 20, ದುಬೈಯಲ್ಲಿ ಕಾಯುವುದು 5.

ಅಮೆರಿಕದವರು ಮಾರ್ಚ್‌ನ ಎರಡನೇ ಭಾನುವಾರ ಗಡಿಯಾರವನ್ನು ಒಂದು ತಾಸು ಮುಂದಿಡುತ್ತಾರೆ, ನವೆಂಬರ್‌ನ ಮೊದಲ ಭಾನುವಾರ ಹಿಂದಿಡುತ್ತಾರೆ. ಆದ್ದರಿಂದ ಚಳಿಗಾಲದಲ್ಲಿ ಅಂತರ ಹದಿಮೂರೂವರೆ ತಾಸು. ಬ್ರಿಟನ್ನಿನಲ್ಲಿ ಬೇಸಿಗೆಗೆ ನಾಲ್ಕೂವರೆ, ಚಳಿಗಾಲಕ್ಕೆ ಐದೂವರೆ. ದುಬೈಗೆ ವರ್ಷವಿಡೀ ಒಂದೂವರೆ, ಅಲ್ಲಿ ಗಡಿಯಾರ ತಿರುಗಿಸುವ ಪದ್ಧತಿ ಇಲ್ಲ.

ಊರೂರಿಗೆ ಹೊತ್ತು ಯಾಕೆ ಬೇರೆ ಎಂದು ಮನೆಯ ಹಿರಿಯರು ಕೇಳಿದರೆ ನಮ್ಮ ಜಿಲ್ಲೆಯಿಂದಲೇ ತೋರಿಸಬಹುದು. ಭೂಮಿ ಒಂದು ಡಿಗ್ರಿ ತಿರುಗಲು 4 ನಿಮಿಷ ಬೇಕು. ಭಾರತದ ಗಡಿಯಾರ ನಿಂತಿರುವುದು ಪೂರ್ವ 82.5 ಡಿಗ್ರಿ ರೇಖೆಯ ಮೇಲೆ, ಕಾರವಾರ ಇರುವುದು 74.1ರಲ್ಲಿ. ಎಂಟು ಚಿಲ್ಲರೆ ಡಿಗ್ರಿ ಪಶ್ಚಿಮ. ಆದ್ದರಿಂದ ಕಾರವಾರದ ಕಡಲತಡಿಯಲ್ಲಿ ಸೂರ್ಯ ನೆತ್ತಿಗೆ ಬರುವುದು ಹನ್ನೆರಡಕ್ಕಲ್ಲ, ವರ್ಷದ ಸರಾಸರಿಯಲ್ಲಿ 12.33ರ ಸುಮಾರಿಗೆ. ಇಷ್ಟು ಸಣ್ಣ ದೂರಕ್ಕೇ ಅರ್ಧ ತಾಸು ಜಾರಿದರೆ, 160 ಡಿಗ್ರಿ ಆಚೆಯ ಊರಲ್ಲಿ ನಮ್ಮ ಬೆಳಗು ಅವರ ಸಂಜೆಯಾಗುವುದು ಸಹಜ.

ತಾರೀಕಿನ ವಿಷಯದಲ್ಲಿ ಇನ್ನೂ ಹೆಚ್ಚು ಎಚ್ಚರ ಬೇಕು. ನಮ್ಮ ಪಂಚಾಂಗದಲ್ಲಿ ವಾರ ಬದಲಾಗುವುದು ಸೂರ್ಯೋದಯಕ್ಕೆ. ರಾತ್ರಿ ಎರಡು ಗಂಟೆ ಎಂದರೆ ಹಿರಿಯರ ಮನಸ್ಸಿಗೆ ಅದು ಇನ್ನೂ ಹಿಂದಿನ ದಿನವೇ. ಟಿಕೆಟ್ಟಿನ ತಾರೀಕು ಬದಲಾಗುವುದು ಮಧ್ಯರಾತ್ರಿ ಹನ್ನೆರಡಕ್ಕೆ. ನಮ್ಮ ಬಳಗದ ಹಿರಿಯರೊಬ್ಬರು 18ನೇ ತಾರೀಕು ರಾತ್ರಿ 2 ಗಂಟೆಯ ವಿಮಾನಕ್ಕೆ 18ರ ಹಗಲು ಊಟ ಮಾಡಿ, ದೇವರಿಗೆ ಕಾಯಿ ಇಟ್ಟು ಮನೆ ಬಿಟ್ಟರು. ವಿಮಾನ ಅಂದಿನ ಬೆಳಗಿನ ಜಾವವೇ ಹಾರಿಹೋಗಿತ್ತು. ಹೊಸ ಟಿಕೆಟ್ಟಿನ ಹಣಕ್ಕಿಂತ, ಬಾಗಿಲವರೆಗೆ ಬಂದು ಕಳಿಸಿಕೊಟ್ಟ ನೆಂಟರ ಮುಂದೆ ತಿರುಗಿ ಬರಬೇಕಾದ ಅವರ ಮುಖವನ್ನು ನೆನೆದರೆ ನನಗೆ ಇಂದಿಗೂ ಸಂಕಟ. ಆ ಮೇಲೆ ಮನೆಯಲ್ಲಿ ಯಾರ ಟಿಕೆಟ್ ಬಂದರೂ ನಾನು ಮೊದಲು ಬರೆಯುವ ಸಾಲು: “9ನೇ ತಾರೀಕು ರಾತ್ರಿ ಊಟ ಮಾಡಿ ವಿಮಾನ ನಿಲ್ದಾಣಕ್ಕೆ ಹೋಗುವುದು.” ವಿಮಾನದ ತಾರೀಕು 10 ಎನ್ನುವುದು ಅದರ ಕೆಳಗೆ.

ನೆಲದ ದಾರಿ

14,000 ಕಿ.ಮೀ. ಆಕಾಶದ ದಾರಿಯ ಸಮಯವನ್ನು ಅರ್ಧ ತಾಸಿನ ಅಂತರದಲ್ಲಿ ಹೇಳಬಹುದು. ಮನೆಯಿಂದ ವಿಮಾನ ನಿಲ್ದಾಣದ ದಾರಿಯನ್ನು ನಮ್ಮ ಜಿಲ್ಲೆಯಲ್ಲಿ, ಅದೂ ಜೂನ್–ಆಗಸ್ಟ್‌ನಲ್ಲಿ, ಹಾಗೆ ಹೇಳಲಾಗದು. ಅಂಕೋಲೆಯ ಅಲಗೇರಿಯಲ್ಲಿ ವಿಮಾನ ನಿಲ್ದಾಣ ಬರುವವರೆಗೆ ನಾವು ಹುಬ್ಬಳ್ಳಿ, ಗೋವಾ, ಮಂಗಳೂರು, ಬೆಂಗಳೂರುಗಳನ್ನೇ ಹಿಡಿಯಬೇಕು.

ಶಿರಸಿಯವರಿಗೆ ಹತ್ತಿರದ ಹುಬ್ಬಳ್ಳಿ ಸುಮಾರು 100 ಕಿ.ಮೀ. ಅಲ್ಲಿಂದ ಬೆಂಗಳೂರಿಗೆ ಹಾರಿದರೆ ರಾತ್ರಿ ಬಸ್ಸಿನ ಆಯಾಸ ತಪ್ಪುತ್ತದೆ. ಆದರೆ ಎರಡು ಟಿಕೆಟ್ ಬೇರೆ ಬೇರೆಯಾಗಿ ಮಾಡಿದ್ದರೆ, ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದಾಗ ಸಾಮಾನ್ಯವಾಗಿ ಯಾರೂ ಹೊಣೆ ಹೊರುವುದಿಲ್ಲ. ಒಂದೇ ಟಿಕೆಟ್ಟಿನಲ್ಲಿ ಸಿಕ್ಕರೆ ಮಾತ್ರ ಬಿಗಿ ಸಮಯ ಇಟ್ಟುಕೊಳ್ಳಿ. ಇಲ್ಲವಾದರೆ ಬೆಳಗಿನ ವಿಮಾನದಲ್ಲಿ ಹೋಗಿ ರಾತ್ರಿಯದನ್ನು ಹಿಡಿಯಿರಿ.

ಕಾರವಾರದವರಿಗೆ ಗೋವಾ ಹತ್ತಿರ. ಅಲ್ಲಿ ಈಗ ಎರಡು ವಿಮಾನ ನಿಲ್ದಾಣ. ವಾಸ್ಕೊ ಪಕ್ಕದ ದಾಬೋಲಿಂನ ಗುರುತು ಜಿಒಐ, 2023ರ ಜನವರಿಯಿಂದ ವಿಮಾನ ಹಾರಾಟ ಶುರುವಾದ ಮೋಪಾದ ಗುರುತು ಜಿಒಎಕ್ಸ್. ದಾಬೋಲಿಂಗೆ ಮಡಗಾಂವ್ ದಾಟಿ ಹೋದರಾಯಿತು. ಮೋಪಾ ಪಣಜಿಯನ್ನೂ ದಾಟಿ ಉತ್ತರದ ತುದಿಯಲ್ಲಿದೆ. ಟಿಕೆಟ್ಟಿನ ಮೂರಕ್ಷರ ನೋಡದೆ ಕಾರು ಹತ್ತಿದರೆ ಒಂದರಿಂದ ಇನ್ನೊಂದಕ್ಕೆ ಓಡುವಷ್ಟರಲ್ಲಿ ಬಾಗಿಲು ಮುಚ್ಚಿರುತ್ತದೆ.

ಮಳೆಗಾಲದ ಮಾತು ಬೇರೆಯೇ. 2024ರ ಜುಲೈ 16ರಂದು ಅಂಕೋಲೆ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಜೀವಗಳು ಹೋದವು, ರಾಷ್ಟ್ರೀಯ ಹೆದ್ದಾರಿ 66 ದಿನಗಟ್ಟಲೆ ಮುಚ್ಚಿತು. ಆಗಸ್ಟ್ 7ರ ಬೆಳಗಿನ ಜಾವ ಕಾಳಿ ನದಿಯ ಹಳೆಯ ಸೇತುವೆ ಕುಸಿಯಿತು. ಅದೇ ಜುಲೈ ಕೊನೆಗೆ ಸಕಲೇಶಪುರ–ಸುಬ್ರಹ್ಮಣ್ಯ ಘಟ್ಟದ ರೈಲು ದಾರಿಯೂ ಮಣ್ಣು ಜಾರಿ ನಿಂತಿತು. ಕಾರವಾರ–ಬೆಂಗಳೂರು ಪಂಚಗಂಗಾ ಎಕ್ಸ್‌ಪ್ರೆಸ್ ಓಡುವುದು ಆ ಘಟ್ಟದ ಮೇಲೆಯೇ. ಕೊಂಕಣ ರೈಲ್ವೆಗೆ ಮಳೆಗಾಲದಲ್ಲಿ ಬೇರೆ ವೇಳಾಪಟ್ಟಿ ಇರುವುದನ್ನೂ ಮರೆಯಬೇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರಾವಳಿಯಿಂದ ಹೊರಡುವವರು ವಿಮಾನಕ್ಕೆ ಒಂದು ಇಡೀ ದಿನ ಮೊದಲೇ ಆ ಊರು ಸೇರಿಕೊಳ್ಳಿ. ಹೊರಡುವ ಬೆಳಿಗ್ಗೆ ದೇವಿಮನೆ, ಅರಬೈಲು ಘಟ್ಟಗಳ ಸುದ್ದಿ ಕೇಳಿಯೇ ಗಾಡಿ ತೆಗೆಯಿರಿ. ಒಂದು ದಿನದ ಲಾಡ್ಜಿನ ಖರ್ಚು ತಪ್ಪಿದ ಟಿಕೆಟ್ಟಿನ ಮುಂದೆ ಏನೂ ಅಲ್ಲ.

ಕ್ಯಾಲೆಂಡರ್ ಹಾಳೆಯ ಹಿಂದೆ ಬರೆದದ್ದು

ಎಲ್ಲವನ್ನೂ ಒಂದೇ ಗಡಿಯಾರದಲ್ಲಿ, ಅಂದರೆ ಭಾರತದ ವೇಳೆಯಲ್ಲಿ, ಮೇಲಿಂದ ಕೆಳಗೆ ಬರೆಯಿರಿ. ಆಯಿಗೆ ನಾನು ಬರೆದುಕೊಟ್ಟ ಹಾಳೆಯಲ್ಲಿ ಹೀಗಿತ್ತು.

8ನೇ ತಾರೀಕು ರಾತ್ರಿ 8 ಗಂಟೆ: ಮನೆ ಬಿಡುವುದು, ಶಿರಸಿಯಲ್ಲಿ ಬೆಂಗಳೂರು ಬಸ್ಸು.
9ರ ಬೆಳಿಗ್ಗೆ: ಬೆಂಗಳೂರು. ಚಿಕ್ಕಮ್ಮನ ಮನೆಯಲ್ಲಿ ಸ್ನಾನ, ಊಟ, ನಿದ್ದೆ.
9ರ ರಾತ್ರಿ 11: ನಿಲ್ದಾಣಕ್ಕೆ ಹೊರಡುವುದು. ಹೊರದೇಶದ ವಿಮಾನಕ್ಕೆ ಟರ್ಮಿನಲ್ 2.
10ರ ಬೆಳಗಿನ ಜಾವ 1: ನಿಲ್ದಾಣದ ಒಳಗೆ.
10ರ ಬೆಳಗಿನ ಜಾವ 4: ವಿಮಾನ.
10ರ ಬೆಳಿಗ್ಗೆ 8: ದುಬೈ. ಐದು ತಾಸು ಕಾಯುವುದು.
10ರ ಮಧ್ಯಾಹ್ನ 1: ಎರಡನೇ ವಿಮಾನ.
11ರ ಬೆಳಿಗ್ಗೆ 5: ಸ್ಯಾನ್ ಫ್ರಾನ್ಸಿಸ್ಕೊ. ಅಲ್ಲಿ ಇನ್ನೂ 10ರ ಸಂಜೆ.
11ರ ಬೆಳಿಗ್ಗೆ ಏಳೂವರೆ: ಅಕ್ಕನ ಮನೆ.

ಮೊದಲ ಸಾಲಿನಿಂದ ಕೊನೆಯ ಸಾಲಿಗೆ ಐವತ್ತೊಂಬತ್ತೂವರೆ ತಾಸು. ಕೊನೆಯ ಎರಡೂವರೆ ತಾಸು ಇಮಿಗ್ರೇಶನ್ ಸಾಲು, ಸಾಮಾನು, ಕಾರಿನ ದಾರಿಗೆ. ಅದನ್ನು ಬಿಟ್ಟು ಲೆಕ್ಕ ಹಾಕಬೇಡಿ. ಆಯಿ ಎಡಗೈಯ ಎಚ್‌ಎಂಟಿ ವಾಚನ್ನು ದಾರಿಯಲ್ಲಿ ಎಲ್ಲೂ ತಿರುಗಿಸಲಿಲ್ಲ. ಹಾಳೆಯ ಸಾಲು ಮತ್ತು ವಾಚಿನ ಮುಳ್ಳು ಎರಡೂ ಒಂದೇ ಹೇಳುತ್ತಿದ್ದುದರಿಂದ ದುಬೈಯಲ್ಲಿ ಅವಳಿಗೆ ಗಾಬರಿಯಾಗಲಿಲ್ಲ. ಮಾತ್ರೆಗಳನ್ನೂ ಅದೇ ವಾಚು ನೋಡಿ ನುಂಗಿದಳು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುವವರು ಮಾತ್ರ ಈ ಹಾಳೆಯನ್ನು ಮೊದಲೇ ವೈದ್ಯರಿಗೆ ತೋರಿಸಿ ಯಾವ ಸಾಲಿನಲ್ಲಿ ಎಷ್ಟು ಎಂದು ಬರೆಸಿಕೊಳ್ಳಿ. ನಾಲ್ಕು ದಿನದ ಔಷಧ, ವೈದ್ಯರ ಚೀಟಿಯೊಂದಿಗೆ, ಕೈಚೀಲದಲ್ಲೇ ಇರಲಿ. ಅಪ್ಪೆಮಿಡಿ ಉಪ್ಪಿನಕಾಯಿ ದೊಡ್ಡ ಪೆಟ್ಟಿಗೆಗೆ.

ತಿರುಗಿ ಬರುವ ಟಿಕೆಟ್

ಬರುವಾಗ ಇದೇ ಲೆಕ್ಕ ಉಲ್ಟಾ. ಅಕ್ಟೋಬರ್ 20ರ ಸಂಜೆ 4ಕ್ಕೆ ಅಲ್ಲಿಂದ ಹೊರಟರೆ ಆಗ ನಮ್ಮಲ್ಲಿ 21ರ ಬೆಳಗಿನ ಜಾವ ನಾಲ್ಕೂವರೆ. 23 ತಾಸಿನ ಪ್ರಯಾಣ ಸೇರಿಸಿದರೆ ಬೆಂಗಳೂರಿಗೆ ಇಳಿಯುವುದು 22ರ ಬೆಳಗಿನ ಜಾವ ಮೂರೂವರೆಗೆ. ಟಿಕೆಟ್ಟಿನಲ್ಲಿ ತಲುಪುವ ಸಮಯದ ಪಕ್ಕ ಸಣ್ಣದಾಗಿ ‘+2’ ಎಂದು ಇರುವುದು ಇದನ್ನೇ ಹೇಳುವುದಕ್ಕೆ: ಹೊರಟ ತಾರೀಕಿಗೆ ಎರಡು ಸೇರಿಸಿ. ಕರೆತರಲು ಹೋಗುವವರು 21ರ ರಾತ್ರಿ ಊಟ ಮಾಡಿ ನಿಲ್ದಾಣಕ್ಕೆ ಹೊರಡಬೇಕು. 22ರ ಹಗಲು ಬೆಂಗಳೂರಲ್ಲಿ ವಿಶ್ರಾಂತಿ, ರಾತ್ರಿ ಬಸ್ಸು, 23ರ ಬೆಳಿಗ್ಗೆ ಶಿರಸಿ. ಬಸ್‌ಸ್ಟ್ಯಾಂಡಿಗೆ ಗಾಡಿ ತರುವವರಿಗೆ 23 ಎಂದೇ ಹೇಳಿ. 20, 22 ಎಂದೆಲ್ಲ ಹೇಳಿ ಅವರ ತಲೆ ಕೆಡಿಸಬೇಡಿ.